ಭಾರಕ್ಕೆ ಮುನ್ನ ದೇಹದ ಸಿದ್ಧತೆ

ಶಕ್ತಿವರ್ಧಕ ವ್ಯಾಯಾಮವೆಂದರೆ ಬಾರ್, ಡಂಬ್‌ಬೆಲ್, ಯಂತ್ರ ಅಥವಾ ಸ್ವಂತ ಮೈಯ ಭಾರವನ್ನೇ ಬಳಸಿ ಸ್ನಾಯುಗಳ ಮೇಲೆ ಹಂತಹಂತವಾಗಿ ಹೆಚ್ಚು ಹೊರೆ ಹೇರುತ್ತ ಹೋಗುವ ಅಭ್ಯಾಸ. ಅದು ಪೈಲ್ವಾನರಿಗೂ ದೇಹದಾರ್ಢ್ಯ ಸ್ಪರ್ಧಿಗಳಿಗೂ ಮೀಸಲಾಗಿದ್ದ ಕಾಲ ಕಳೆದು, ವಯಸ್ಕರೆಲ್ಲರೂ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೇ ಹೇಳುವ ಕಾಲ ಬಂದಿದೆ. ಇದರಿಂದ ಜಿಮ್ಮಿಗೆ ಬರುವವರ ಸಂಖ್ಯೆ ಬೆಳೆದಿದೆ. ಆದರೆ ಭಾರಕ್ಕೆ ಕೈಹಾಕುವ ಮೊದಲಿನ ಹತ್ತು ಹದಿನೈದು ನಿಮಿಷಗಳನ್ನು ಹೇಗೆ ಕಳೆಯಬೇಕೆಂಬ ತಿಳಿವಳಿಕೆ ಅಷ್ಟು ಬೆಳೆದಿಲ್ಲ. ಕೆಲವರು ಒಳಗೆ ಬಂದವರೇ ನೇರವಾಗಿ ಬಾರ್ ಹಿಡಿಯುತ್ತಾರೆ. ಇನ್ನು ಹಲವರು ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ನಡೆದು, ಬಾಗಿ ಕಾಲ್ಬೆರಳು ಮುಟ್ಟಿ, ತೋಳುಗಳನ್ನು ಎಳೆದು ಹಿಡಿದು, ಆ ದಿನದ ಪೂರ್ಣ ತೂಕವನ್ನು ಒಮ್ಮೆಲೇ ಹೆಗಲಿಗೇರಿಸುತ್ತಾರೆ. ಎರಡನೆಯವರು ಸಿದ್ಧತೆ ಮಾಡಿಕೊಂಡಿದ್ದಾರೆ, ಮೊದಲಿನವರು ಮಾಡಿಕೊಂಡಿಲ್ಲ ಎಂಬ ನಂಬಿಕೆ ಸಾರ್ವತ್ರಿಕವಾಗಿದೆ. ಆ ನಂಬಿಕೆ ಅರ್ಧ ಮಾತ್ರ ಸರಿ. ಎತ್ತಬೇಕಾದ ಭಾರದ ದೃಷ್ಟಿಯಿಂದ ನೋಡಿದರೆ ಇಬ್ಬರೂ ಬಿಟ್ಟಿರುವುದು ಒಂದನ್ನೇ: ಅದೇ ಚಲನೆಯನ್ನು ಹಗುರ ತೂಕದಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಪೂರ್ಣ ತೂಕಕ್ಕೆ ತರುವ ಕೆಲಸವನ್ನು. ಭಾರದ ವ್ಯಾಯಾಮಕ್ಕೆ ಸಂಬಂಧಿಸಿದಂತೆ ವಾರ್ಮ್ ಅಪ್ ಎನ್ನುವುದು ಎತ್ತುವಿಕೆಗೆ ಮೊದಲು ನಡೆಯುವ ಬೇರೊಂದು ವಿಧಿಯಲ್ಲ, ಎತ್ತುವಿಕೆಯ ಮೊದಲ ಭಾಗ.

ಮೈ ಬಿಸಿಯಾಗುವುದರ ಲಾಭ ಕೇವಲ ನಂಬಿಕೆಯ ವಿಷಯವಲ್ಲ. ವಿಶ್ರಾಂತಿಯಲ್ಲಿರುವ ಕೈಕಾಲುಗಳ ಸ್ನಾಯುಗಳು ದೇಹದ ಒಳಭಾಗಕ್ಕಿಂತ ಸ್ವಲ್ಪ ತಣ್ಣಗಿರುತ್ತವೆ. ಲಘು ಚಲನೆ ಆರಂಭವಾದೊಡನೆ, ಸ್ನಾಯು ತಾನು ಬಳಸುವ ಶಕ್ತಿಯ ಬಹುಪಾಲನ್ನು ಶಾಖವಾಗಿ ಬಿಡುವುದರಿಂದ, ಮೊದಲ ಮೂರರಿಂದ ಐದು ನಿಮಿಷಗಳಲ್ಲಿ ಅದರ ಉಷ್ಣತೆ ವೇಗವಾಗಿ ಏರಿ, ಹತ್ತರಿಂದ ಇಪ್ಪತ್ತು ನಿಮಿಷಗಳ ಹೊತ್ತಿಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಈ ಏರಿಕೆಯಿಂದ ರಕ್ತದ ಹಿಮೋಗ್ಲೋಬಿನ್ ಸ್ನಾಯುವಿಗೆ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ನರಗಳಲ್ಲಿ ಸಂದೇಶ ಸಾಗುವ ವೇಗ ಹೆಚ್ಚುತ್ತದೆ, ಸ್ನಾಯುತಂತುಗಳು ಸಂಕುಚಿಸಲು ಬೇಕಾದ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ, ಕೀಲುಗಳ ಒಳಗಿನ ಜಾರುದ್ರವದ ಸ್ನಿಗ್ಧತೆ, ಅಂದರೆ ಹರಿಯುವುದಕ್ಕೆ ಅದು ತೋರುವ ಪ್ರತಿರೋಧ, ಕಡಿಮೆಯಾಗುತ್ತದೆ. ಕೋಪನ್‌ಹೇಗನ್‌ನ ಶರೀರಕ್ರಿಯಾ ವಿಜ್ಞಾನಿಗಳಾದ ಎರ್ಲಿಂಗ್ ಆಸ್ಮುಸೆನ್ ಮತ್ತು ಓವೆ ಬೊಯೆ, ಸ್ನಾಯುವಿನ ಉಷ್ಣತೆ ಏರಿದಂತೆ ಸೈಕಲ್ ತುಳಿಯುವ ಸಾಮರ್ಥ್ಯವೂ ಏರುತ್ತದೆಂದು 1945ರಷ್ಟು ಹಿಂದೆಯೇ ತೋರಿಸಿದ್ದರು.

ಆದರೆ ಇದೇ ಉಷ್ಣತೆಯ ಅಧ್ಯಯನವು ಮುಂದುವರಿದಾಗ ಹೊರಬಿದ್ದ ಒಂದು ಸೂಕ್ಷ್ಮ ಸಂಗತಿಯನ್ನು ಜಿಮ್ಮಿನ ಪಾಠಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. 1987ರಲ್ಲಿ ಎ. ಜೆ. ಸಾರ್ಜೆಂಟ್ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವೇ ಮಂದಿಯ ಕಾಲುಗಳನ್ನು 44 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 45 ನಿಮಿಷ ಮುಳುಗಿಸಿಟ್ಟು ಸೈಕಲ್ ತುಳಿಸಿದಾಗ ಗರಿಷ್ಠ ಸಾಮರ್ಥ್ಯ ಸುಮಾರು ಶೇ. 11ರಷ್ಟು ಹೆಚ್ಚಿತು, 12 ಡಿಗ್ರಿಯ ತಣ್ಣೀರಿನಲ್ಲಿಟ್ಟು ತುಳಿಸಿದಾಗ ಶೇ. 21ರಷ್ಟು ಕುಸಿಯಿತು. ಈ ಪರಿಣಾಮ ಎಲ್ಲ ವೇಗಗಳಲ್ಲೂ ಒಂದೇ ಆಗಿರಲಿಲ್ಲ. ನಿಧಾನವಾಗಿ ತುಳಿಯುವಾಗ ಒಂದು ಡಿಗ್ರಿ ಉಷ್ಣತೆಗೆ ಸುಮಾರು ಶೇ. 2ರಷ್ಟು ಲಾಭ ಸಿಕ್ಕಿದರೆ, ಅತಿ ವೇಗವಾಗಿ ತುಳಿಯುವಾಗ ಅದು ಶೇ. 10ರ ಹತ್ತಿರ ಬಂದಿತ್ತು. ಓಟಗಾರನಿಗೂ ಜಿಗಿತಗಾರನಿಗೂ ಶಾಖ ಕೊಡುವಷ್ಟು ಲಾಭವನ್ನು, ಭಾರೀ ತೂಕವನ್ನು ನಿಧಾನವಾಗಿ ಮೇಲೆತ್ತುವವನಿಗೆ ಕೊಡಲಾರದು ಎಂಬ ಸೂಚನೆ ಇದರಲ್ಲಿದೆ. ಶಕ್ತಿಯ ಅಭ್ಯಾಸಿಗೆ ಬರೀ ಬೆವರು ಸಾಲದು.

ಹಾಗಾದರೆ ಬೇಕಾದದ್ದೇನು ಎಂಬ ಪ್ರಶ್ನೆಗೆ ಉತ್ತರ ನರಮಂಡಲದಲ್ಲಿದೆ. ಒಂದು ನರಕೋಶವೂ ಅದು ಆಳುವ ಸ್ನಾಯುತಂತುಗಳ ಗುಂಪೂ ಸೇರಿದ ಘಟಕವನ್ನು ಪ್ರೇರಕ ಘಟಕವೆಂದು ಕರೆಯುತ್ತಾರೆ. ಭಾರ ಹಗುರವಾಗಿದ್ದಾಗ ಮಿದುಳು ಚಿಕ್ಕ ಘಟಕಗಳನ್ನು ಮಾತ್ರ ಎಬ್ಬಿಸುತ್ತದೆ, ಭಾರ ಏರಿದಂತೆಲ್ಲ ದೊಡ್ಡ ಘಟಕಗಳನ್ನು ಕರೆಯುತ್ತದೆ. ಟ್ರೆಡ್‌ಮಿಲ್ ನಡಿಗೆಗೆ ಚಿಕ್ಕ ಘಟಕಗಳೇ ಸಾಕಾಗುವುದರಿಂದ, ಸ್ಕ್ವಾಟ್‌ನ, ಅಂದರೆ ಬಾರನ್ನು ಹೆಗಲ ಮೇಲಿಟ್ಟು ಕುಳಿತೇಳುವ ವ್ಯಾಯಾಮದ, ತಳದಿಂದ ನೂರು ಕಿಲೋ ಹೊತ್ತು ಮೇಲೇಳುವಾಗ ಬೇಕಾಗುವ ದೊಡ್ಡ ಘಟಕಗಳು ಆ ನಡಿಗೆಯಲ್ಲಿ ಕೆಲಸಕ್ಕೇ ಬಂದಿರುವುದಿಲ್ಲ. ಇದಲ್ಲದೆ ಭಾರ ಎತ್ತುವುದು ಒಂದು ಕೌಶಲವೂ ಹೌದು. ಪಾದಗಳ ನಡುವಿನ ಅಂತರ, ಉಸಿರು ತುಂಬಿ ಹೊಟ್ಟೆಯನ್ನು ಬಿಗಿಹಿಡಿಯುವ ಕ್ಷಣ, ಬಾರ್ ಸಾಗುವ ದಾರಿ, ಸೊಂಟ ಮತ್ತು ಮೊಣಕಾಲು ಒಟ್ಟಿಗೆ ಮಡಿಯುವ ಲಯ ಇವೆಲ್ಲ ಪ್ರತಿದಿನವೂ ಹೊಸದಾಗಿ ನೆನಪಿಗೆ ಬರಬೇಕಾದವು. ಅವುಗಳನ್ನು ನೆನಪಿಗೆ ತರುವ ದಾರಿ ಅದೇ ಚಲನೆಯನ್ನು ಹಗುರ ಭಾರದಲ್ಲಿ ಮಾಡುವುದು. ಬಿಸಿನೀರಿನ ಸ್ನಾನ ಸ್ನಾಯುವನ್ನು ಕಾಯಿಸಬಲ್ಲದು, ಆದರೆ ಈ ಪಾಠವನ್ನು ಹೇಳಿಕೊಡಲಾರದು.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಆ ದಿನ 100 ಕಿಲೋ ತೂಕದಲ್ಲಿ ಐದೈದು ಬಾರಿಯ ಮೂರು ಸೆಟ್ ಸ್ಕ್ವಾಟ್ ಮಾಡಬೇಕಾದವರು, ಐದರಿಂದ ಹತ್ತು ನಿಮಿಷ ಸೈಕಲ್ ತುಳಿದೋ ಚುರುಕಾಗಿ ನಡೆದೋ ಮೈಯನ್ನು ತುಸು ಬೆಚ್ಚಗಾಗಿಸಿಕೊಂಡ ಮೇಲೆ, 20 ಕಿಲೋದ ಖಾಲಿ ಬಾರ್ ಹೆಗಲ ಮೇಲಿಟ್ಟು ಹತ್ತು ಬಾರಿ ಕುಳಿತೇಳುತ್ತಾರೆ. ಅಗತ್ಯವೆನಿಸಿದರೆ ಇದನ್ನೇ ಇನ್ನೊಮ್ಮೆ ಮಾಡುತ್ತಾರೆ. ಬಳಿಕ 40 ಕಿಲೋದಲ್ಲಿ ಆರು ಬಾರಿ, 60 ಕಿಲೋದಲ್ಲಿ ಐದು, 80 ಕಿಲೋದಲ್ಲಿ ಮೂರು, 90 ಕಿಲೋದಲ್ಲಿ ಒಂದೇ ಬಾರಿ. ಇಲ್ಲಿ ತೂಕ ಏರುತ್ತ ಹೋದಂತೆ ಎತ್ತುವ ಸಂಖ್ಯೆ ಇಳಿಯುತ್ತ ಹೋಗುವುದೇ ಮುಖ್ಯ ಸೂತ್ರ: ನರಮಂಡಲಕ್ಕೆ ಭಾರದ ಪರಿಚಯವಾಗಬೇಕು, ಸ್ನಾಯುವಿಗೆ ದಣಿವಾಗಬಾರದು. ಮೊದಲ ಹಂತಗಳ ನಡುವೆ ಪ್ಲೇಟು ಬದಲಿಸುವಷ್ಟು ವಿರಾಮ ಸಾಕು. ಕೊನೆಯ ಹಂತದ ನಂತರ ಎರಡು ಮೂರು ನಿಮಿಷ ಬೇಕು. ಸೈಕಲ್ ಅಥವಾ ನಡಿಗೆಯನ್ನು ಬಿಟ್ಟರೆ ಒಟ್ಟಾರೆ ಇದು ಹತ್ತು ಹನ್ನೆರಡು ನಿಮಿಷಗಳ ಕೆಲಸ. ಈ ಅಂಕಿಗಳು ಶಾಸನವಲ್ಲ. 40 ಕಿಲೋ ಎತ್ತುವ ಹೊಸಬರಿಗೆ ಎರಡೇ ಹಂತ ಸಾಕಾದರೆ, 200 ಕಿಲೋ ಎತ್ತುವವರಿಗೆ ಏಳೆಂಟು ಹಂತಗಳಾದರೂ ಬೇಕು. ಒಂದು ಹಂತದಿಂದ ಮುಂದಿನದಕ್ಕೆ ನೆಗೆತ ಆರಂಭದಲ್ಲಿ ದೊಡ್ಡದಿರಬಹುದು, ಪೂರ್ಣ ತೂಕ ಹತ್ತಿರವಾದಂತೆ ಚಿಕ್ಕದಾಗಬೇಕು.

ಹಗುರ ಸೆಟ್‌ಗಳನ್ನು ಅವಸರದಲ್ಲಿ ಮುಗಿಸಿಬಿಡುವ ಅಭ್ಯಾಸವೇ ಈ ಕ್ರಮವನ್ನು ಒಳಗಿನಿಂದ ಹಾಳುಮಾಡುತ್ತದೆ. ಖಾಲಿ ಬಾರ್ ಹೊತ್ತಾಗ ಅರ್ಧಕ್ಕೆ ಕುಳಿತು ಏಳುವವರು, ತೂಕ ಏರಿದಾಗ ಪೂರ್ಣ ಆಳಕ್ಕೆ ಹೋಗಲು ಯತ್ನಿಸಿದರೆ ಆ ಆಳಕ್ಕೆ ಅವರ ಸೊಂಟವೂ ಕಣಕಾಲೂ ಅಂದು ಮೊದಲ ಬಾರಿಗೆ ತೆರೆದುಕೊಳ್ಳುತ್ತಿರುತ್ತವೆ, ಅದೂ ಪೂರ್ಣ ಭಾರದ ಕೆಳಗೆ. ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಬಾರನ್ನು ನೆಟ್ಟಗೆ ನಿಂತು ತೊಡೆಯ ಮಟ್ಟಕ್ಕೆ ಎತ್ತುವ ವ್ಯಾಯಾಮದಲ್ಲಿ, ಇನ್ನೊಂದು ತೊಡಕು ಎದುರಾಗುತ್ತದೆ: ದೊಡ್ಡ ಪ್ಲೇಟುಗಳ ವ್ಯಾಸ 45 ಸೆಂಟಿಮೀಟರ್ ಇರುವುದರಿಂದ ಪೂರ್ಣ ತೂಕದಲ್ಲಿ ಬಾರ್ ನೆಲದಿಂದ ಸುಮಾರು 22 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಹಗುರ ಹಂತಕ್ಕೆಂದು ಚಿಕ್ಕ ಪ್ಲೇಟುಗಳನ್ನು ಹಾಕಿದರೆ ಬಾರ್ ಇನ್ನೂ ಕೆಳಗಿಳಿದು, ಬೆನ್ನು ಬೇಕಾದದ್ದಕ್ಕಿಂತ ಹೆಚ್ಚು ಬಾಗಬೇಕಾಗುತ್ತದೆ. ಚಿಕ್ಕ ಪ್ಲೇಟುಗಳ ಕೆಳಗೆ ಮರದ ದಿಮ್ಮಿಯನ್ನೋ ಬೇರೆ ಪ್ಲೇಟುಗಳನ್ನೋ ಇಟ್ಟು ಬಾರನ್ನು ಸರಿಯಾದ ಎತ್ತರಕ್ಕೆ ತಂದುಕೊಳ್ಳುವುದು ಸಣ್ಣ ಸಂಗತಿಯಂತೆ ಕಂಡರೂ, ಸಿದ್ಧತೆ ಎತ್ತುವಿಕೆಯನ್ನೇ ಹೋಲಬೇಕೆಂಬ ತತ್ತ್ವ ಇಂಥ ವಿವರಗಳಲ್ಲೇ ಉಳಿಯುತ್ತದೆ ಅಥವಾ ಅಳಿಯುತ್ತದೆ. ಒಂದೇ ಅವಧಿಯ ಎರಡನೆಯ, ಮೂರನೆಯ ವ್ಯಾಯಾಮಗಳಿಗೆ ಇಷ್ಟು ದೀರ್ಘ ಸಿದ್ಧತೆ ಬೇಡ. ಸ್ಕ್ವಾಟ್ ಆದ ಬಳಿಕ ಲೆಗ್ ಪ್ರೆಸ್‌ಗೆ, ಅಂದರೆ ಯಂತ್ರದ ಭಾರವನ್ನು ಕಾಲುಗಳಿಂದ ತಳ್ಳುವ ವ್ಯಾಯಾಮಕ್ಕೆ, ಒಂದು ಹಗುರ ಸೆಟ್ ಸಾಕು.

ಇಷ್ಟು ಹೇಳಿದ ಮೇಲೆ ಸೈಕಲ್ಲಿಗೂ ಟ್ರೆಡ್‌ಮಿಲ್ಲಿಗೂ ನ್ಯಾಯ ಸಲ್ಲಬೇಕು. ಬ್ರೆಜಿಲ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಗ್ ಪ್ರೆಸ್‌ನ ಹಗುರ ಹಂತಗಳನ್ನು ಮಾತ್ರ ಮಾಡಿದ ದಿನಕ್ಕಿಂತ, ಅದಕ್ಕೆ ಮೊದಲು 20 ನಿಮಿಷ ಲಘುವಾಗಿ ಸೈಕಲ್ ತುಳಿದ ದಿನ ಅಭ್ಯಾಸಿಗಳು ಒಂದೇ ಬಾರಿ ಎತ್ತಬಲ್ಲ ಗರಿಷ್ಠ ತೂಕ ಸುಮಾರು ಶೇ. 8ರಷ್ಟು ಹೆಚ್ಚಿತ್ತು. 2013ರ ಇನ್ನೊಂದು ಅಧ್ಯಯನ ಈ ಮಾತಿಗೆ ಮಿತಿಯನ್ನೂ ತೋರಿಸಿತು: ಹದಿನೈದು ನಿಮಿಷ ಲಘುವಾಗಿ ತುಳಿದವರಿಗೆ ಲಾಭವಾಯಿತು, ಅಷ್ಟೇ ಹೊತ್ತು ತೀವ್ರತೆ ಹೆಚ್ಚಿಸಿ ತುಳಿದಾಗ ಎತ್ತುವ ಶಕ್ತಿ ಕುಸಿಯಿತು. ಆದ್ದರಿಂದ ಸಾಮಾನ್ಯ ವಾರ್ಮ್ ಅಪ್ ವ್ಯರ್ಥವೆಂದು ತಳ್ಳಿಹಾಕುವಂತಿಲ್ಲ. ಮಾತನಾಡುತ್ತಲೇ ಮಾಡಬಹುದಾದಷ್ಟು ಅದು ಲಘುವಾಗಿರಬೇಕು, ಹಂತಗಳ ಸೆಟ್‌ಗಳಿಗೆ ಪೂರಕವಾಗಿ ಬರಬೇಕು, ಅವುಗಳ ಬದಲಿಗೆ ಬರಬಾರದು. ಸಮಯ ಕಡಿಮೆಯಿರುವ ದಿನ ಎರಡರಲ್ಲಿ ಒಂದನ್ನು ಮೊಟಕು ಮಾಡಲೇಬೇಕಾದರೆ ಸೈಕಲ್ಲನ್ನು ಮೊಟಕು ಮಾಡುವುದು ವಿವೇಕ.

ಸಿದ್ಧತೆಯ ಕಾಲವನ್ನು ಲೆಕ್ಕಹಾಕುವ ವಿದ್ಯೆ ಅತ್ಯಂತ ನಯವಾಗಿ ಕಾಣುವುದು ವೇಟ್‌ಲಿಫ್ಟಿಂಗ್ ಸ್ಪರ್ಧೆಯ ವೇದಿಕೆಯ ಹಿಂದಿನ ಕೋಣೆಯಲ್ಲಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಕಂಚನ್ನೂ ಗೆದ್ದ ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರ ಮೂಲಕ ಕನ್ನಡಿಗರಿಗೆ ಹತ್ತಿರವಾದ ಈ ಕ್ರೀಡೆಯಲ್ಲಿ, ವೇದಿಕೆಯ ಬಾರ್ ಹಗುರದಿಂದ ಭಾರಕ್ಕೆ ಏರುತ್ತ ಹೋಗುತ್ತದೆ, ಕಡಿಮೆ ತೂಕ ಕೇಳಿದವರು ಮೊದಲು ಎತ್ತುತ್ತಾರೆ, ಹೆಸರು ಕರೆದ ಮೇಲೆ ಒಬ್ಬರಿಗೆ ಒಂದು ನಿಮಿಷದ ಅವಕಾಶ. ತಮ್ಮ ಸ್ಪರ್ಧಿಯ ಸರದಿಗೆ ಮುನ್ನ ಉಳಿದಿರುವ ಎತ್ತುಗಳೆಷ್ಟು ಎಂದು ತರಬೇತುದಾರರು ಎಣಿಸುತ್ತ, ಸಿದ್ಧತೆಯ ಕೊನೆಯ ಎತ್ತು ವೇದಿಕೆಗೆ ಹೋಗುವ ಕೆಲವೇ ನಿಮಿಷ ಮೊದಲು ಬೀಳುವಂತೆ ಹೊಂದಿಸುತ್ತಾರೆ. ಎದುರಾಳಿಗಳು ತೂಕ ಬದಲಿಸಿ ಸರದಿ ಹಿಂದೆ ಸರಿದರೆ ಸ್ಪರ್ಧಿಯನ್ನು ತಣ್ಣಗಾಗಲು ಬಿಡದೆ ಇನ್ನೊಂದು ಎತ್ತನ್ನು ಮಾಡಿಸುತ್ತಾರೆ. ಅಲ್ಲಿ ಸಿದ್ಧತೆ ಎಂದರೆ ಸ್ಪರ್ಧೆಯ ಎತ್ತುಗಳೇ ಆದ ಅದೇ ಸ್ನ್ಯಾಚ್, ಅದೇ ಕ್ಲೀನ್ ಆ್ಯಂಡ್ ಜರ್ಕ್, ಕ್ರಮವಾಗಿ ಏರುವ ತೂಕಗಳಲ್ಲಿ. ಸಾಮಾನ್ಯ ಅಭ್ಯಾಸಿಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ಬೇಡ. ಆದರೆ ಸಿದ್ಧತೆ ಮುಗಿಸಿ ಇಪ್ಪತ್ತು ನಿಮಿಷ ಮೊಬೈಲ್ ನೋಡುತ್ತ ಕುಳಿತರೆ ಗಳಿಸಿದ ಶಾಖದ ಬಹುಪಾಲು ಕರಗಿಹೋಗುತ್ತದೆ ಎಂಬುದು ಅವರಿಗೂ ಅನ್ವಯಿಸುವ ಸತ್ಯ.

ಸ್ಟ್ರೆಚಿಂಗ್ ವಿಷಯದಲ್ಲಿ ಹಳೆಯ ನಂಬಿಕೆ ಹೆಚ್ಚು ಬಿಗಿಯಾಗಿದೆ. ಸ್ನಾಯುವನ್ನು ಎಳೆದು ಅದೇ ಭಂಗಿಯಲ್ಲಿ ಹಿಡಿದಿಡುವುದನ್ನು ಸ್ಥಿರ ಸ್ಟ್ರೆಚಿಂಗ್ ಎನ್ನುತ್ತಾರೆ. ಒಂದು ಸ್ನಾಯುವನ್ನು ಒಟ್ಟು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೀಗೆ ಹಿಡಿದರೆ ಆನಂತರ ಸ್ವಲ್ಪ ಹೊತ್ತು ಅದರ ಶಕ್ತಿ ತುಸು ಕುಗ್ಗುತ್ತದೆಂದು ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆಗಳು ತೋರಿಸಿವೆ; ಅರ್ಧ ನಿಮಿಷದೊಳಗಿನ ಹಿಡಿತದಿಂದ ಗಮನಾರ್ಹ ಹಾನಿಯಿಲ್ಲ. ಅಂದರೆ ಸ್ಟ್ರೆಚಿಂಗ್ ಶತ್ರುವಲ್ಲ, ಭಾರಕ್ಕೆ ಮುನ್ನ ಅದರ ದೀರ್ಘ ರೂಪ ಅಸ್ಥಾನದಲ್ಲಿದೆ, ಅಷ್ಟೆ. ಅದು ಗಾಯವನ್ನು ತಡೆಯುತ್ತದೆಂಬ ಭರವಸೆಯಂತೂ ದುರ್ಬಲವಾದದ್ದು: ಆಸ್ಟ್ರೇಲಿಯಾದ ಸೇನೆಗೆ ಸೇರಿದ 1,538 ಮಂದಿಯನ್ನು 12 ವಾರ ಗಮನಿಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಯಾಮಕ್ಕೆ ಮುನ್ನ ಸ್ಟ್ರೆಚಿಂಗ್ ಮಾಡಿದವರಿಗೂ ಮಾಡದವರಿಗೂ ಕಾಲಿನ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ತೋಳುಗಳನ್ನು ಬೀಸುವುದು, ಕಾಲನ್ನು ಹಿಂದೆ ಮುಂದೆ ಆಡಿಸುವುದು, ನಿಧಾನವಾಗಿ ಬಸ್ಕಿ ಹೊಡೆಯುವುದು ಮುಂತಾದ ಚಲಿಸುತ್ತಲೇ ಮಾಡುವ ಸ್ಟ್ರೆಚಿಂಗ್ ಕೀಲುಗಳನ್ನು ಅವುಗಳ ಪೂರ್ಣ ವ್ಯಾಪ್ತಿಗೆ ಒಯ್ಯುವುದರಿಂದ ಇಲ್ಲಿ ಹೆಚ್ಚು ಉಪಯುಕ್ತ.

ಗಾಯದ ಪ್ರಶ್ನೆಯಲ್ಲಿ ಪ್ರಾಮಾಣಿಕತೆ ಅಗತ್ಯ. ವಾರ್ಮ್ ಅಪ್ ಮಾಡದಿದ್ದರೆ ಸ್ನಾಯು ಹರಿಯುತ್ತದೆ, ಮಾಡಿದರೆ ಹರಿಯುವುದೇ ಇಲ್ಲ ಎಂಬ ಧಾಟಿಯ ಮಾತಿಗೆ ಭಾರದ ವ್ಯಾಯಾಮದಲ್ಲಿ ನೇರ ಪುರಾವೆ ತೀರ ಕಡಿಮೆ. ಫುಟ್‌ಬಾಲ್‌ನಲ್ಲಿ ಸ್ಥಿತಿ ಬೇರೆ: ನಾರ್ವೆಯ 13ರಿಂದ 17 ವಯಸ್ಸಿನ 1,892 ಬಾಲಕಿಯರನ್ನು ಒಳಗೊಂಡು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಓಟ, ಸಮತೋಲನ ಮತ್ತು ಬಲವರ್ಧನೆಯ ಅಭ್ಯಾಸಗಳನ್ನು ಕೂಡಿಸಿದ ವಾರ್ಮ್ ಅಪ್ ಅನುಸರಿಸಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾದವು. ಆದರೆ ಅಲ್ಲಿ ರಕ್ಷಣೆ ಕೊಟ್ಟದ್ದು ಶಾಖವೋ, ತಿಂಗಳುಗಟ್ಟಲೆ ಮಾಡಿದ ಬಲವರ್ಧನೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. ಹೀಗಿರುವಾಗ ಭಯ ಹುಟ್ಟಿಸಿ ವಾರ್ಮ್ ಅಪ್ ಮಾಡಿಸುವ ತರಬೇತಿ ತನ್ನ ವಾದವನ್ನೇ ದುರ್ಬಲಗೊಳಿಸಿಕೊಳ್ಳುತ್ತದೆ; ಒಂದು ದಿನ ಬಿಟ್ಟು ನೋಡಿ ಏನೂ ಆಗದಿದ್ದವರು ಅದನ್ನು ಶಾಶ್ವತವಾಗಿ ಬಿಡುತ್ತಾರೆ. ಇನ್ನೊಂದು ಕಾರಣ ಹೆಚ್ಚು ಗಟ್ಟಿಯಾದದ್ದು: ಹಂತಹಂತವಾಗಿ ಏರುವ ಸೆಟ್‌ಗಳು ಅಂದಿನ ದೇಹದ ಸ್ಥಿತಿಯ ಪರೀಕ್ಷೆಯೂ ಆಗಿರುತ್ತವೆ. ಹೆಗಲಿನಲ್ಲಿ ಚುಚ್ಚಿದ ನೋವು 40 ಕಿಲೋದಲ್ಲೇ ತಿಳಿದುಬಂದರೆ ಅಲ್ಲಿಯೇ ನಿಲ್ಲಬಹುದು. ಅದು 100 ಕಿಲೋದಲ್ಲಿ ತಿಳಿದುಬಂದರೆ ನಿಲ್ಲುವ ಆಯ್ಕೆ ಅಭ್ಯಾಸಿಯ ಕೈಯಲ್ಲಿ ಉಳಿದಿರುವುದಿಲ್ಲ.

ಬೆಳಗಿನ ಜಾವದ ಅಭ್ಯಾಸಿಗಳಿಗೆ ಬೆನ್ನಿನ ವಿಷಯದಲ್ಲಿ ಪ್ರತ್ಯೇಕ ಎಚ್ಚರ ಬೇಕು. ಕಶೇರುಗಳ ನಡುವಿನ ಮೆತ್ತೆಗಳು, ಅಂದರೆ ಡಿಸ್ಕ್‌ಗಳು, ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತವೆ. ಮನುಷ್ಯ ಬೆಳಗ್ಗೆ ಸಂಜೆಗಿಂತ ಒಂದೂವರೆ ಎರಡು ಸೆಂಟಿಮೀಟರ್ ಎತ್ತರವಾಗಿರುವುದು ಇದರಿಂದಲೇ. ಉಬ್ಬಿದ ಮೆತ್ತೆಗಳ ಮೇಲೆ ಬಾಗುವಿಕೆಯ ಒತ್ತಡ ಹಲವು ಪಟ್ಟು ಹೆಚ್ಚೆಂದು 1980ರ ದಶಕದಲ್ಲೇ ಬ್ರಿಟನ್ನಿನ ಸಂಶೋಧಕರು ಅಳೆದಿದ್ದಾರೆ. ಆ ಹೆಚ್ಚುವರಿ ಎತ್ತರದ ಅರ್ಧದಷ್ಟು ಎದ್ದ ಮೊದಲ ಒಂದು ಗಂಟೆಯಲ್ಲೇ ಇಳಿಯುವುದರಿಂದ, ಐದೂವರೆಗೆ ಎದ್ದು ಆರಕ್ಕೆ ಡೆಡ್‌ಲಿಫ್ಟ್ ಮಾಡುವ ಬೆಂಗಳೂರಿನ ಉದ್ಯೋಗಿ ಅದನ್ನು ಅವಧಿಯ ಕೊನೆಗೆ ಸರಿಸಿ, ನಡಿಗೆ ಮತ್ತು ನೆಟ್ಟಗೆ ನಿಂತು ಮಾಡುವ ವ್ಯಾಯಾಮಗಳಿಂದ ಆರಂಭಿಸುವುದು ಒಳ್ಳೆಯದು. ಇದು ಚಳಿಗೆ ಸಂಬಂಧಿಸಿದ್ದಲ್ಲ; ಮೇ ತಿಂಗಳ ಕಲಬುರಗಿಯಲ್ಲಿ ಮೈ ತಾನಾಗಿಯೇ ಕಾದಿದ್ದರೂ ಬೆನ್ನಿನ ಮೆತ್ತೆಗಳ ಸ್ಥಿತಿ ಇದೇ. ಮಂಗಳೂರಿನ ಸೆಕೆಯಲ್ಲಿ ಎರಡೇ ನಿಮಿಷಕ್ಕೆ ಬೆವರು ಇಳಿಯುವುದನ್ನು ಸಿದ್ಧತೆ ಮುಗಿದ ಗುರುತೆಂದು ತಿಳಿಯುವುದೂ ತಪ್ಪು.

ಹೃದಯದ ಪ್ರಶ್ನೆ ಕರ್ನಾಟಕದಲ್ಲಿ ಭಾವನಾತ್ಮಕವಾದದ್ದು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದ ಬಳಿಕ ನಾಡಿನ ಅನೇಕ ಮನೆಗಳಲ್ಲಿ ಜಿಮ್ ಎಂಬುದೇ ಆತಂಕದ ವಿಷಯವಾಯಿತು. ಯಾವುದೇ ಒಂದು ಸಾವಿಗೆ ವ್ಯಾಯಾಮದ ಕ್ರಮವನ್ನು ಕಾರಣವಾಗಿ ಹಚ್ಚುವುದು ಅನ್ಯಾಯ, ಅವೈಜ್ಞಾನಿಕ; ರಕ್ತನಾಳದ ಕಾಯಿಲೆಗೆ ವಾರ್ಮ್ ಅಪ್ ಔಷಧಿಯೂ ಅಲ್ಲ. ಆದರೂ ಕೆಲವು ಸಂಗತಿಗಳು ತಿಳಿದಿರಬೇಕು. 1973ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 44 ಆರೋಗ್ಯವಂತ ಪುರುಷರನ್ನು ಯಾವ ಸಿದ್ಧತೆಯೂ ಇಲ್ಲದೆ ಒಮ್ಮೆಲೇ ತೀವ್ರವಾಗಿ ಓಡಿಸಿದಾಗ ಹಲವರ ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದ ಸೂಚನೆಗಳು ಕಂಡವು, ಮೊದಲು ಲಘುವಾಗಿ ಓಡಿಸಿದಾಗ ಅವು ಬಹುಮಟ್ಟಿಗೆ ಮರೆಯಾದವು. ಮುಂದಿನ ಎಲ್ಲ ಪ್ರಯೋಗಗಳೂ ಇದನ್ನು ಅಷ್ಟೇ ಬಲವಾಗಿ ಸಮರ್ಥಿಸಿಲ್ಲ. ಉಸಿರು ಬಿಗಿಹಿಡಿದು ಭಾರೀ ಲೆಗ್ ಪ್ರೆಸ್ ಮಾಡುವಾಗ ರಕ್ತದೊತ್ತಡ ಕೆಲ ಕ್ಷಣ ಸರಾಸರಿ 320/250ಕ್ಕೆ ಏರಿದ್ದನ್ನು ಕೆನಡಾದ ಸಂಶೋಧಕರು 1985ರಲ್ಲಿ ದಾಖಲಿಸಿದ್ದಾರೆ. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹ ಇರುವವರು, ಕುಟುಂಬದಲ್ಲಿ ಹೃದ್ರೋಗದ ಇತಿಹಾಸವುಳ್ಳವರು ಮೊದಲು ವೈದ್ಯರನ್ನು ಕಂಡು, ಬಳಿಕ ಎಂದೂ ತಣ್ಣನೆಯ ಮೈಯಲ್ಲಿ ಭಾರಕ್ಕೆ ಕೈಹಾಕದಿರುವುದು ಕ್ಷೇಮ.

ಈ ವಿವೇಕ ಕನ್ನಡ ನಾಡಿಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮಲ್ಲರ ಅಭ್ಯಾಸಗಳಲ್ಲಿ ಭಾರ ಹೊರುವ ಶ್ರಮವನ್ನೂ ನಡಿಗೆಯ ಶ್ರಮವನ್ನೂ ಈಜಿನ ಶ್ರಮವನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಗರಡಿಗಳಲ್ಲಿ ಜೋಡಿ ಕಟ್ಟುವ ಮುನ್ನ ಅಖಾಡದ ಮಣ್ಣನ್ನು ಗುದ್ದಲಿಯಿಂದ ಅಗೆದು ಸಡಿಲಿಸುವ ಕೆಲಸವನ್ನು ಪೈಲ್ವಾನರೇ ಮಾಡುತ್ತಾರೆ. ಉದ್ದೇಶ ನೆಲವನ್ನು ಮೃದುವಾಗಿಸುವುದೇ ಇರಬಹುದು, ಆದರೆ ಕುಸ್ತಿಯಲ್ಲಿ ದುಡಿಯಬೇಕಾದ ಹಿಡಿತ, ಬೆನ್ನು, ತೊಡೆಗಳೇ ಅಲ್ಲಿ ಮೊದಲು ದುಡಿಯುತ್ತವೆ. ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ, ‘ಶಾಂತಲಾ’ ಕಾದಂಬರಿಯಿಂದಲೂ ಕನ್ನಡಿಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಅವರು ತೂಕದ ವ್ಯಾಯಾಮವನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಪದ್ಧತಿಯೊಳಗೆ ತಂದವರು. ಉಪಕರಣಗಳು ಹೊಸದಾದಾಗ ಈ ಕ್ರಮಬದ್ಧತೆ ಕೈಬಿಟ್ಟುಹೋದದ್ದು ವಿಷಾದದ ಸಂಗತಿ.

ಸಮಯವಿಲ್ಲವೆಂಬ ಆಕ್ಷೇಪವೊಂದು ಉಳಿಯುತ್ತದೆ. ಒಂದು ಗಂಟೆಯ ಬಿಡುವಿರುವವರಿಗೆ ಹದಿನೈದು ನಿಮಿಷ ದೊಡ್ಡ ಪಾಲು ಎಂಬುದು ನಿಜ. ಆದರೆ ಕೊರತೆಯಾದಾಗ ಕತ್ತರಿಸಬೇಕಾದದ್ದು ಕೊನೆಯ ಸಣ್ಣಪುಟ್ಟ ವ್ಯಾಯಾಮಗಳನ್ನೇ ಹೊರತು ಮೊದಲ ಹಂತಗಳನ್ನಲ್ಲ. ಹೆಚ್ಚಿನ ಜಿಮ್ಮುಗಳಲ್ಲಿ ಹೊಸಬರಿಗೆ ಕೊಡುವ ಚೀಟಿಯಲ್ಲಿ ಪೂರ್ಣ ತೂಕದ ಸೆಟ್‌ಗಳು ಮಾತ್ರ ಇರುತ್ತವೆ, ಅವುಗಳ ಮೇಲೆ ವಾರ್ಮ್ ಅಪ್ ಎಂಬ ಒಂದು ಪದವಿರುತ್ತದೆ. ತರಬೇತುದಾರರು ಆ ಒಂದು ಪದದ ಬದಲು ಖಾಲಿ ಬಾರ್‌ನಿಂದ ಹಿಡಿದು ಪ್ರತಿ ಹಂತದ ತೂಕವನ್ನೂ ಸಂಖ್ಯೆಯನ್ನೂ ಚೀಟಿಯಲ್ಲೇ ಬರೆದುಕೊಡಬೇಕು, ಅಭ್ಯಾಸಿಗಳೂ ಅದನ್ನು ಕೇಳಿ ಬರೆಸಿಕೊಳ್ಳಬೇಕು.